ಬೆಳಗಾವಿಯಲ್ಲಿ ಮನೆ ಕೊಳ್ಳುವವರಿಗೆ: ಟಿಳಕವಾಡಿಯೋ, ರಾಮತೀರ್ಥನಗರವೋ, ವಡಗಾವಿಯೋ?

ಬೆಳಗಾವಿಯಲ್ಲಿ ಮನೆ ನೋಡುವ ಓಡಾಟ ಹೆಚ್ಚಾಗಿ ದೀಪಾವಳಿ ಮುಗಿದ ಮೇಲೆ ಶುರುವಾಗುತ್ತದೆ. ಮಳೆ ಹಿಂದೆ ಸರಿದಿರುತ್ತದೆ, ರಸ್ತೆ ಒಣಗಿರುತ್ತದೆ, ಮಾರುವವರು ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿರುತ್ತಾರೆ. ಆ ತಿಂಗಳುಗಳಲ್ಲಿ ಈ ಊರಿನ ಯಾವ ಬಡಾವಣೆಯೂ ಕೆಟ್ಟದಾಗಿ ಕಾಣುವುದಿಲ್ಲ. ಅದಕ್ಕೇ ಬಡಾವಣೆಯ ಹೆಸರು ಹೇಳುವ ಮುಂಚೆ ತಿಂಗಳ ಹೆಸರು ಹೇಳುತ್ತೇನೆ: ಜುಲೈ. ಸತತ ಮಳೆ ಹಿಡಿದು ನಾಲ್ಕು ದಿನವಾದ ಮೇಲೆ, ನೀವು ಮೆಚ್ಚಿದ ಮನೆಯ ಮುಂದೆ ಹೋಗಿ ನಿಂತು ನೋಡಿ. ಆಮೇಲೆ ಮುಂಗಡದ ಮಾತು.

ಮಾರುವವರು ಜುಲೈವರೆಗೆ ಕಾಯುವುದಿಲ್ಲ ಎನ್ನುವುದೂ ನಿಜ. ಹಾಗಿದ್ದರೆ ಮಳೆ ಬಿಟ್ಟುಹೋದ ಗುರುತುಗಳನ್ನು ಓದಬೇಕು. ಆ ಮನೆಯ ಗೋಡೆಗೆ ಬಣ್ಣ ಬಿದ್ದಿದ್ದರೂ ಪಕ್ಕದ ಖಾಲಿ ಪ್ಲಾಟಿನ ಕಾಂಪೌಂಡ್ ಗೋಡೆಗೆ ಬಿದ್ದಿರುವುದಿಲ್ಲ. ಅದರ ಮೇಲೆ ನೆಲದಿಂದ ಒಂದೇ ಮಟ್ಟದಲ್ಲಿ ಓಡುವ ಕಂದು ಗೆರೆ ಇದೆಯೇ ನೋಡಿ. ಓಣಿಯ ಹಳೆಯ ಮನೆಗಳ ಹೊಸ್ತಿಲಿಗೆ ಆಮೇಲೆ ಸಿಮೆಂಟಿನ ಕಟ್ಟೆ ಏರಿಸಿದ್ದಾರೆಯೇ? ಕೆಳಗಿನ ವಿದ್ಯುತ್ ಬೋರ್ಡನ್ನು ಮೇಲೆ ಸರಿಸಿದ ಗುರುತಿದೆಯೇ? ಬಚ್ಚಲುಮನೆಯ ಬಾಗಿಲಿನ ಕೆಳತುದಿ ಕೊಳೆತಿರುವುದು ಸಾಮಾನ್ಯ, ಆದರೆ ಪಡಸಾಲೆಯ ಬಾಗಿಲು ಕೊಳೆತಿದ್ದರೆ ಅದು ಒಳಗೆ ನೀರು ಬಂದ ಸಾಕ್ಷಿ. ಪಕ್ಕದ ಮನೆಯ ಅಜ್ಜಿಯನ್ನು, ಹಾಲು ಹಾಕುವವರನ್ನು ಕೇಳಿ. ದಲ್ಲಾಳಿ ಹೇಳದ್ದನ್ನು ಅವರು ಹೇಳುತ್ತಾರೆ, ಅವರಿಗೆ ಮುಚ್ಚಿಡುವ ಕಾರಣವಿಲ್ಲ.

ಊರಿನ ನೆಲ ಎರಡು ಬಗೆಯದು

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ವರ್ಷದ ಸರಾಸರಿ ಮಳೆ 1,200 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಘಟ್ಟದ ಕಡೆಯಿಂದ ಬಂದು ಸುರಿಯುತ್ತದೆ. ಕ್ಯಾಂಪ್ (ಸೇನೆಯ ದಂಡು ಪ್ರದೇಶ), ಹನುಮಾನ ನಗರ, ಹಿಂಡಲಗಾ ಕಡೆ ನೆಲ ಎತ್ತರ. ಅಗೆದರೆ ಕೆಂಪು ಮಣ್ಣು, ಗರಸು. ಶಹಾಪುರ, ವಡಗಾವಿ, ಅನಗೋಳದಾಚೆ ಯಳ್ಳೂರಿನ ಕಡೆ ಹೋದಂತೆ ನೆಲ ತಗ್ಗು; ಅಲ್ಲಿ ಕಪ್ಪು ಎರೆಮಣ್ಣು, ಭತ್ತದ ಗದ್ದೆಗಳು. ಬೆಳಗಾವಿ ಬಾಸುಮತಿ ಎಂದು ಹೆಸರಾದ ಅಕ್ಕಿ ಈ ಶಿವಾರದ್ದು. ಭತ್ತಕ್ಕೆ ನೀರು ನಿಲ್ಲುವ ನೆಲ ಬೇಕು. ಅದೇ ನೆಲವನ್ನು ಅಳೆದು ಮೂವತ್ತು-ನಲವತ್ತರ ಪ್ಲಾಟು ಮಾಡಿದ ಮಾತ್ರಕ್ಕೆ ನೀರು ತನ್ನ ದಾರಿ ಮರೆಯುವುದಿಲ್ಲ.

ಎರೆಮಣ್ಣಿಗೆ ಇನ್ನೊಂದು ಗುಣವಿದೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸದೆ ಕಟ್ಟಿದ ಮನೆ ಪ್ರತಿ ವರ್ಷವೂ ಕೂದಲೆಳೆಯಷ್ಟು ಅಲುಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೇರುವ ಬಿರುಕು ಅದರ ಗುರುತು. ಅದನ್ನು ಪುಟ್ಟಿಯಿಂದ ಮುಚ್ಚಬಹುದು, ನಿಲ್ಲಿಸಲಾಗದು. ದಕ್ಷಿಣ ಭಾಗದಲ್ಲಿ ಮನೆ ಕೊಳ್ಳುವವರು ಕಟ್ಟಿದ ಮೇಸ್ತ್ರಿಯನ್ನು ಹುಡುಕಿ, ಗಟ್ಟಿ ನೆಲ ಎಷ್ಟು ಅಡಿಗೆ ಸಿಕ್ಕಿತು, ಪಿಲ್ಲರ್ ಎಷ್ಟು ಆಳಕ್ಕೆ ಇಳಿಸಿದರು ಎಂದು ಕೇಳಲೇಬೇಕು. ಖಾಲಿ ಪ್ಲಾಟು ಕೊಂಡು ಕಟ್ಟಿಸುವವರು ಎರೆಯಲ್ಲಿ ಬುನಾದಿಗೆ ತಗಲುವ ಹೆಚ್ಚಿನ ಖರ್ಚನ್ನು ಪ್ಲಾಟಿನ ಬೆಲೆಗೆ ಕೂಡಿಸಿ, ಆಮೇಲೆ ಉತ್ತರದ ಬಡಾವಣೆಗಳ ಬೆಲೆಯೊಂದಿಗೆ ಹೋಲಿಸಬೇಕು. ಅಗ್ಗ ಎಂದುಕೊಂಡದ್ದು ಎಷ್ಟೋ ಸಲ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ.

ದಕ್ಷಿಣ: ಶಹಾಪುರ, ವಡಗಾವಿ, ಅನಗೋಳ

ಈ ಭಾಗದ ಮೇಲೆ ನನಗೆ ಪ್ರೀತಿ ಇದೆ, ಅದಕ್ಕೇ ಹೆಚ್ಚು ಹೇಳುತ್ತೇನೆ. ಶಹಾಪುರ ಸ್ವಾತಂತ್ರ್ಯಕ್ಕೆ ಮುಂಚೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಊರು. ಶಹಾಪುರ, ಖಾಸಬಾಗ, ವಡಗಾವಿ ಮೂರೂ ನೇಕಾರರ ಊರುಗಳು. ಇಲ್ಲಿನ ಓಣಿಯಲ್ಲಿ ಮನೆ ಎಂದರೆ ಅಕ್ಕಪಕ್ಕದವರ ಗೋಡೆಗೆ ಗೋಡೆ ತಾಗಿದ ಮನೆ. ಕಷ್ಟಕ್ಕೆ ಕರೆದರೆ ಹತ್ತು ಜನ ಬರುತ್ತಾರೆ. ಮಾರುಕಟ್ಟೆ ಹತ್ತಿರ, ಊಟ-ತಿಂಡಿ ಅಗ್ಗ, ಪೇಟೆಗೆ ನಡೆದೇ ಹೋಗಬಹುದು. ಅದೇ ಓಣಿಯಲ್ಲಿ ವಿದ್ಯುತ್ ಮಗ್ಗದ ಸದ್ದು ಬೆಳಗಿನಿಂದ ರಾತ್ರಿಯವರೆಗೆ ಇರುತ್ತದೆ; ಅದು ಅವರ ಅನ್ನ, ಹೊಸದಾಗಿ ಬಂದವರು ಗೊಣಗುವಂತಿಲ್ಲ. ಮನೆ ನೋಡಲು ಭಾನುವಾರ ಹೋಗಬೇಡಿ, ಮಗ್ಗ ನಡೆಯುವ ದಿನ ಹೋಗಿ. ಕಾರು ಇಟ್ಟುಕೊಂಡವರು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಅದೇ ದಿನ ತೀರ್ಮಾನಿಸಿ.

ಹಳೆಯ ಓಣಿಗಳು ಹಿರಿಯರು ಎತ್ತರ ನೋಡಿ ಕಟ್ಟಿದವು. ತೊಂದರೆ ಇರುವುದು ಅವುಗಳಾಚೆ, ಗದ್ದೆಯ ಕಡೆಗೆ ಚಾಚಿಕೊಂಡ ಹೊಸ ಬಡಾವಣೆಗಳಲ್ಲಿ. ಬಳ್ಳಾರಿ ನಾಲಾ ಈ ಶಿವಾರದ ನೀರನ್ನೆಲ್ಲ ಹೊತ್ತು ಪೂರ್ವಕ್ಕೆ ಸಾಗುತ್ತದೆ. ಹೂಳು, ಜಲಕಳೆ ತುಂಬಿದ ವರ್ಷ ಅದು ಉಕ್ಕಿ ಪಕ್ಕದ ಬೆಳೆಯನ್ನು ಮುಳುಗಿಸುತ್ತದೆ; ರೈತರು ಹೂಳೆತ್ತಿಸಿ ಎಂದು ವರ್ಷ ವರ್ಷವೂ ಕೇಳುತ್ತಾರೆ. 2019ರ ಆಗಸ್ಟ್‌ನ ಮಳೆಯಲ್ಲಿ ನಗರದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದನ್ನು ಊರು ಮರೆತಿಲ್ಲ. ನಾಲಾದಿಂದ ನಿಮ್ಮ ಮನೆಗೆ ಎಷ್ಟು ದೂರ ಎನ್ನುವುದಕ್ಕಿಂತ, ನಾಲಾದ ದಂಡೆಗಿಂತ ನಿಮ್ಮ ಹೊಸ್ತಿಲು ಎಷ್ಟು ಎತ್ತರ ಎಂದು ನೋಡಿ. ರಸ್ತೆಯನ್ನು ಡಾಂಬರಿನ ಮೇಲೆ ಡಾಂಬರು ಹಾಕಿ ಏರಿಸುತ್ತಲೇ ಹೋಗುತ್ತಾರೆ. ಹತ್ತು ವರ್ಷದ ಹಿಂದೆ ರಸ್ತೆಗಿಂತ ಎರಡು ಅಡಿ ಮೇಲಿದ್ದ ಪ್ಲಿಂತ್ (ಮನೆಯ ನೆಲದ ಮಟ್ಟ) ಇಂದು ರಸ್ತೆಗೆ ಸಮವಾಗಿರುವ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ.

ನೀರಿಗಿಂತ ದೊಡ್ಡ ಅಪಾಯ ಕಾಗದದ್ದು. ಇಲ್ಲಿ ಮನೆ ಕೊಳ್ಳಲು ಹೋದರೆ ‘ಬಾಂಡ್ ಮೇಲೆ ಇದೆ, ಆದರೆ ಏನೂ ತೊಂದರೆ ಇಲ್ಲ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ವ್ಯವಹಾರ ನಡೆಯುವುದು ಹೀಗೆ: ರೈತರು ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸದೆ, ಬುಡಾದಿಂದ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ವಿನ್ಯಾಸ ಮಂಜೂರು ಮಾಡಿಸದೆ, ಗುಂಟೆಯ ಲೆಕ್ಕದಲ್ಲಿ ತುಂಡು ಮಾಡಿ ಮಾರುತ್ತಾರೆ. ನೋಂದಣಿ ಆಗುವುದಿಲ್ಲವಾದ್ದರಿಂದ ಛಾಪಾ ಕಾಗದದ ಮೇಲೆ ಕರಾರು ಬರೆದು ನೋಟರಿ ಮಾಡಿಸುತ್ತಾರೆ. ಕೊಂಡವರು ಮನೆ ಕಟ್ಟುತ್ತಾರೆ, ವಿದ್ಯುತ್ ಬರುತ್ತದೆ, ಬೋರ್‌ವೆಲ್ ಬರುತ್ತದೆ, ಮಕ್ಕಳ ಮದುವೆಯೂ ಅಲ್ಲೇ ಆಗುತ್ತದೆ. ಆದರೆ ಪಹಣಿಯಲ್ಲಿ ಹೆಸರು ಇನ್ನೂ ರೈತರದೇ. ಆ ರೈತರು ತೀರಿಕೊಂಡ ಮೇಲೆ ವಾರಸುದಾರರ ಹೆಸರು ಏರುತ್ತದೆ, ಸೊಸೈಟಿಯಲ್ಲಿ ತೆಗೆದ ಬೆಳೆಸಾಲ ಪಹಣಿಯ 11ನೇ ಕಲಮಿನಲ್ಲಿ ಕೂರುತ್ತದೆ, ಮನೆ ಕಟ್ಟಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಬರಿ ಕರಾರುಪತ್ರ, ಮುಖ್ತ್ಯಾರಪತ್ರಗಳಿಂದ ಸ್ಥಿರಾಸ್ತಿಯ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ರಾಷ್ಟ್ರೀಕೃತ ಬ್ಯಾಂಕು ಇಂಥ ಮನೆಗೆ ಸಾಲ ಕೊಡುವುದಿಲ್ಲ. ಪತ್ತಿನ ಸಂಘ ಕೊಟ್ಟರೂ ಬಡ್ಡಿ ಹೆಚ್ಚು, ಜಾಮೀನುದಾರರು ಬೇಕು.

2025ರಲ್ಲಿ ಸರ್ಕಾರ ನಗರಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಅದರಿಂದ ತೆರಿಗೆ ಕಟ್ಟಲು ದಾರಿಯಾಯಿತು, ಎಷ್ಟೋ ಕುಟುಂಬಗಳಿಗೆ ಮೊದಲ ಬಾರಿಗೆ ಒಂದು ಕಾಗದ ಸಿಕ್ಕಿತು. ಅದು ಸಂತೋಷದ ಸಂಗತಿ. ಆದರೆ ಬಿ-ಖಾತಾ ಸಿಕ್ಕಿದ್ದರಿಂದ ಬಡಾವಣೆ ಮಂಜೂರಾದಂತೆ ಆಗುವುದಿಲ್ಲ. ಅಲ್ಲಿ ಈಗಾಗಲೇ ಇರುವವರ ಮಾತು ಬೇರೆ. ಹೊಸದಾಗಿ ಜೀವಮಾನದ ಉಳಿತಾಯ ಹಾಕುವವರು ಬಾಂಡ್ ಮನೆಯ ಹತ್ತಿರವೂ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದೇ ಹಣಕ್ಕೆ ಎನ್‌ಎ ಆದ ಸಣ್ಣ ಪ್ಲಾಟು, ಇಲ್ಲವೇ ಊರಾಚೆಗಿನ ಪ್ಲಾಟು ಸಿಕ್ಕರೆ ಅದೇ ಮೇಲು.

ಅನಗೋಳ ಮತ್ತು ಭಾಗ್ಯನಗರ ಸ್ವಲ್ಪ ಬೇರೆ ಬಗೆ. ಭಾಗ್ಯನಗರ ಕ್ರಾಸ್‌ಗಳ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಬೆಳೆದ, ಮಧ್ಯಮ ವರ್ಗದವರು ಮೆಚ್ಚಿಕೊಂಡ ಬಡಾವಣೆ. ಉದ್ಯಮಬಾಗದ ಕಾರ್ಖಾನೆಗಳಲ್ಲಿ, ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ, ಗೋಗಟೆ ಎಂಜಿನಿಯರಿಂಗ್ ಕಾಲೇಜಿಗೆ ಅಥವಾ ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋಗಿಬರುವವರಿಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ದಕ್ಷಿಣದಲ್ಲಿ ನಾನು ಯಾರಿಗಾದರೂ ಧೈರ್ಯವಾಗಿ ಹೇಳುವುದು ಭಾಗ್ಯನಗರವನ್ನೇ, ಅದೂ ಕಾಗದ ಒಂದೊಂದಾಗಿ ನೋಡಿಸಿ.

ಟಿಳಕವಾಡಿ, ಹಿಂದವಾಡಿ

ಟಿಳಕವಾಡಿ ಹೆಸರಿಗೇ ಬೆಲೆ. 1924ರಲ್ಲಿ ಮಹಾತ್ಮ ಗಾಂಧಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದ ನೆಲ ಇದು. ಕಾಂಗ್ರೆಸ್ ಬಾವಿ, ವೀರಸೌಧ, ಕಾಂಗ್ರೆಸ್ ರಸ್ತೆ ಇಲ್ಲೇ ಇವೆ. ಮರಗಳಿರುವ ರಸ್ತೆ, ಕಾಲ್ನಡಿಗೆಯ ದೂರದಲ್ಲಿ ಶಾಲೆ, ಆರ್‌ಪಿಡಿ ಕಾಲೇಜು, ಅಂಗಡಿ, ವೈದ್ಯರು. ಮನೆಯಲ್ಲಿ ವಯಸ್ಸಾದವರಿದ್ದು, ಅವರು ತಾವೇ ನಡೆದು ಹೋಗಿ ತರಕಾರಿ ತರುವ ಹುರುಪಿನವರಾಗಿದ್ದರೆ ಟಿಳಕವಾಡಿಗೆ ಸಾಟಿ ಇಲ್ಲ.

ಅಡಚಣೆ ಎಂದರೆ ರೈಲು. ಇಲ್ಲಿ ವಿಳಾಸ ಹೇಳುವುದೇ ಮೊದಲನೆಯ ಗೇಟು, ಎರಡನೆಯ ಗೇಟು ಎಂದು. ಗೋಗಟೆ ವೃತ್ತದ ಬಳಿ, ಕಪಿಲೇಶ್ವರದ ಬಳಿ, ಮೂರನೆಯ ಗೇಟಿನ ಬಳಿ ಮೇಲ್ಸೇತುವೆಗಳಾದ ಮೇಲೆ ಓಡಾಟ ಹಗುರವಾಗಿದೆ. ಆದರೂ ನಿಮ್ಮ ಮನೆ, ಮಗುವಿನ ಶಾಲೆ, ನಿಮ್ಮ ಕೆಲಸದ ಜಾಗ ಈ ಮೂರರಲ್ಲಿ ಯಾವುದು ಹಳಿಯ ಯಾವ ಬದಿಗಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೀವೇ ಆ ದಾರಿಯಲ್ಲಿ ಸ್ಕೂಟರ್ ಓಡಿಸಿ ನೋಡಿ.

ಈ ಭಾಗದಲ್ಲಿ ಬಿಡಿ ಮನೆ ಸಾಮಾನ್ಯ ನೌಕರರ ಕೈಗೆ ಸಿಗುವುದು ಕಷ್ಟ. ಹಳೆಯ ಬಂಗಲೆಗಳನ್ನು ಕೆಡವಿ ಕಟ್ಟಿದ ಅಪಾರ್ಟ್‌ಮೆಂಟಿನ ಫ್ಲ್ಯಾಟುಗಳು ಸಿಗುತ್ತವೆ. ಫ್ಲ್ಯಾಟಿನಲ್ಲಿ ನೀವು ನಿಜವಾಗಿ ಕೊಳ್ಳುವುದು ಎರಡು: ಗೋಡೆಗಳ ಒಳಗಿನ ಜಾಗ, ಮತ್ತು ಕೆಳಗಿನ ನೆಲದಲ್ಲಿ ಅವಿಭಾಜ್ಯ ಪಾಲು. ಮೂವತ್ತು ವರ್ಷದ ಮೇಲೆ ಕಟ್ಟಡ ಹಳತಾದಾಗ ಬೆಲೆ ಉಳಿಯುವುದು ಆ ಪಾಲಿಗೆ. ಆದ್ದರಿಂದ ಕ್ರಯಪತ್ರದ ಕರಡಿನಲ್ಲಿ ಆ ಪಾಲು ಎಷ್ಟು ಚದರ ಅಡಿ ಎಂದು ಅಂಕಿಯಲ್ಲಿ ಬರೆಸಿಕೊಳ್ಳಿ. 500 ಚದರ ಮೀಟರ್‌ಗಿಂತ ದೊಡ್ಡ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಲೇಬೇಕು; ಇಲ್ಲಿ ಕೆಲವು ಕಟ್ಟಡಗಳು ಆ ಮಿತಿಯ ಒಳಗೇ ಉಳಿಯುವಷ್ಟು ಸಣ್ಣವು, ಅಲ್ಲಿ ಕಾಯಲು ರೇರಾ ಬರುವುದಿಲ್ಲ. ಪಾಲಿಕೆಯ ಸ್ವಾಧೀನಾನುಭವ ಪತ್ರ (ವಾಸಕ್ಕೆ ಒಪ್ಪಿಗೆ ಕೊಟ್ಟ ಕಾಗದ, ಒಸಿ) ತೋರಿಸಿ ಎಂದು ಕೇಳಿ. ಮಂಜೂರಾದ ನಕ್ಷೆಯಲ್ಲಿ ವಾಹನ ನಿಲುಗಡೆ ಎಂದಿರುವ ಕೆಳಮಹಡಿಯಲ್ಲಿ ಅಂಗಡಿ ನಡೆಯುತ್ತಿದ್ದರೆ ಅಲ್ಲಿಂದ ಹೊರಟುಬಿಡಿ.

ಉತ್ತರ: ನೆಹರೂನಗರದಿಂದ ರಾಮತೀರ್ಥನಗರದವರೆಗೆ

ಸದಾಶಿವನಗರ, ನೆಹರೂನಗರ, ಶಿವಬಸವನಗರ ಒಂದು ಗುಂಪು. ಕೆಎಲ್‌ಇ ಆಸ್ಪತ್ರೆ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆ, ನಾಗನೂರು ಮಠದ ಶಿಕ್ಷಣ ಸಂಸ್ಥೆಗಳು ಇತ್ತ ಕಡೆಯೇ. ಮೇಲ್ಮಹಡಿ ಬಾಡಿಗೆಗೆ ಕೊಟ್ಟು ಸಾಲದ ಕಂತು ಕಟ್ಟಬೇಕೆನ್ನುವವರಿಗೆ ವಿದ್ಯಾರ್ಥಿಗಳು, ನರ್ಸ್‌ಗಳು, ಕಿರಿಯ ವೈದ್ಯರು ವರ್ಷವಿಡೀ ಸಿಗುತ್ತಾರೆ. ಮನೆಯಲ್ಲಿ ಹೃದ್ರೋಗಿಯೋ ಡಯಾಲಿಸಿಸ್ ಬೇಕಾದವರೋ ಇದ್ದರೆ ಬೇರೆ ಎಲ್ಲ ಲೆಕ್ಕ ಬಿಟ್ಟು ಇಲ್ಲೇ ನೋಡಿ. ಬೆಲೆ ಹೆಚ್ಚು, ಹೆದ್ದಾರಿಯ ಸದ್ದು ಇದೆ, ಊಟದ ಡಬ್ಬಿಯ ಅಂಗಡಿಗಳ ಗದ್ದಲವಿದೆ.

ಮಹಾಂತೇಶನಗರ, ರಾಮತೀರ್ಥನಗರ ಬುಡಾ ಮಾಡಿದ ಬಡಾವಣೆಗಳು. ನೌಕರಿ ಮಾಡುವ ಗಂಡ-ಹೆಂಡತಿ, ಶಾಲೆಗೆ ಹೋಗುವ ಮಗು, ಬ್ಯಾಂಕ್ ಸಾಲ: ಇಂಥ ಕುಟುಂಬ ನನ್ನನ್ನು ಕೇಳಿದರೆ ಮೊದಲು ಹೇಳುವುದು ರಾಮತೀರ್ಥನಗರದ ಹೆಸರು. ರಸ್ತೆ ನೇರ ಮತ್ತು ಅಗಲ, ಉದ್ಯಾನಕ್ಕೆ ಬಿಟ್ಟ ಜಾಗ ಉದ್ಯಾನವಾಗಿಯೇ ಉಳಿದಿದೆ, ನೆಲ ಇಳಿಜಾರಿನದಾದ್ದರಿಂದ ನೀರು ನಿಲ್ಲದೆ ಹರಿದುಹೋಗುತ್ತದೆ. ಹಂಚಿಕೆಯ ಕಾಗದ ಒಂದೇ ಕಚೇರಿಯಲ್ಲಿ ಇರುವುದರಿಂದ ಬ್ಯಾಂಕಿನ ವಕೀಲರಿಗೂ ಕೆಲಸ ಸುಲಭ.

ಇಲ್ಲಿಯೂ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಪ್ರಾಧಿಕಾರ ನಿವೇಶನ ಹಂಚುವಾಗ ಮೊದಲು ಕೊಡುವುದು ಲೀಸ್ ಕಮ್ ಸೇಲ್ (ಗುತ್ತಿಗೆ ಮತ್ತು ಮಾರಾಟ) ಪತ್ರ. ಅವಧಿ ಮುಗಿದು ಷರತ್ತು ಪೂರೈಸಿದ ಮೇಲೆ ಶುದ್ಧ ಕ್ರಯಪತ್ರ. ಶುದ್ಧ ಕ್ರಯಪತ್ರ ಆಗುವ ಮುನ್ನವೇ ಕೈ ಬದಲಾದ ನಿವೇಶನ ನಿಮಗೆ ಬಂದರೆ ಮೂಲ ಹಂಚಿಕೆದಾರರನ್ನು ಹುಡುಕಿ ಸಹಿ ಹಾಕಿಸುವ ಕೆಲಸ ನಿಮ್ಮ ತಲೆಗೆ ಬೀಳುತ್ತದೆ. ಮೂಲೆ ನಿವೇಶನವಾದರೆ ಬುಡಾದ ನಕ್ಷೆಯನ್ನೂ ಅಳತೆಯ ಟೇಪನ್ನೂ ಎರಡೂ ಹಿಡಿದು ಹೋಗಿ. ರಸ್ತೆಯ ಕಡೆಗೆ ಎರಡು ಅಡಿ ಮುಂದೆ ಬಂದ ಕಾಂಪೌಂಡ್‌ಗಳು ಕಡಿಮೆ ಇಲ್ಲ. ರಾಮತೀರ್ಥನಗರದ ಅಂಚಿನಿಂದಾಚೆ ಕಣಬರ್ಗಿಯ ಹೊಲಗಳು ಶುರುವಾಗುತ್ತವೆ. ದಲ್ಲಾಳಿಗಳು ಅಲ್ಲಿನ ಪ್ಲಾಟುಗಳನ್ನೂ ‘ರಾಮತೀರ್ಥನಗರ’ ಎಂದೇ ತೋರಿಸುತ್ತಾರೆ. ಸರ್ವೆ ನಂಬರ್ ಬರೆದುಕೊಂಡು, ಅದು ಬುಡಾದ ಬಡಾವಣೆಯ ಒಳಗಿದೆಯೇ, ಸ್ವಾಧೀನಕ್ಕೆ ಅಧಿಸೂಚನೆ ಆಗಿದೆಯೇ ಎಂದು ಬುಡಾ ಕಚೇರಿಯಲ್ಲೇ ವಿಚಾರಿಸಿ.

ದಿನವೂ ಪೇಟೆಗೆ ಹೋಗುವವರು ಒಂದು ಮಾತು ನೆನಪಿಡಬೇಕು: ಇಲ್ಲಿಂದ ಹೆದ್ದಾರಿ ಹತ್ತಿರ, ಖಡೇಬಜಾರ ದೂರ. ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗಳಿಗೆ ಅಥವಾ ಕಾಕತಿಯಾಚೆಗಿನ ಭೂತರಾಮನಹಟ್ಟಿಗೆ ಹೋಗುವವರಿಗೆ ಅದೇ ಲಾಭ. ಉದ್ಯಮಬಾಗದಲ್ಲಿ ಪಾಳಿ ಕೆಲಸ ಮಾಡುವವರು ಇಲ್ಲಿ ಮನೆ ಮಾಡಿದರೆ ಊರನ್ನೇ ಅಡ್ಡಲಾಗಿ ದಾಟಿ ಹೋಗಬೇಕಾಗುತ್ತದೆ.

ಪಶ್ಚಿಮ: ಹನುಮಾನ ನಗರ, ಸಹ್ಯಾದ್ರಿನಗರ, ಹಿಂಡಲಗಾ, ಗಣೇಶಪುರ

ತಂಪು, ಗಾಳಿ, ಹಸಿರು, ಸದ್ದಿಲ್ಲದ ಸಂಜೆ. ಸೇನೆಯಿಂದ ನಿವೃತ್ತರಾದವರು ಇಲ್ಲಿ ನೆಲೆ ನಿಲ್ಲುವುದಕ್ಕೆ ಕಾರಣ ಕೇಳಬೇಕಾಗಿಲ್ಲ. ಹನುಮಾನ ನಗರ, ಜಾಧವನಗರದ ಪಕ್ಕದ ಗಾಲ್ಫ್ ಮೈದಾನ ಎಷ್ಟು ದಟ್ಟವೆಂದರೆ 2022ರ ಆಗಸ್ಟ್‌ನಲ್ಲಿ ಅಲ್ಲಿ ಚಿರತೆಯೊಂದು ಸೇರಿಕೊಂಡಾಗ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಆನೆಗಳನ್ನು ತರಿಸಿ ಹುಡುಕಿದರು.

ನೆಲ ಎತ್ತರವಾದ್ದರಿಂದ ನೆರೆಯ ಭಯವಿಲ್ಲ, ಬುನಾದಿಗೆ ಗಟ್ಟಿ ನೆಲ ಬೇಗ ಸಿಗುತ್ತದೆ. ಆದರೆ ಘಟ್ಟದ ಕಡೆಯಿಂದ ಬರುವ ಮಳೆ ಮೊದಲು ಹೊಡೆಯುವುದು ಇಲ್ಲಿಯ ಪಶ್ಚಿಮದ ಗೋಡೆಗೆ. ಹಳೆಯ ಮನೆಗಳವರು ಆ ಗೋಡೆಗೆ ತಗಡು ಹೊದಿಸಿರುವುದನ್ನು ನೋಡಿರುತ್ತೀರಿ. ಅಂದಕ್ಕಾಗಿ ಯಾರೂ ಅದನ್ನು ಮಾಡಿಲ್ಲ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಟ್ಟು, ಮೇಲೆ ಸಜ್ಜಾ ಬಿಡದೆ ಕಟ್ಟಿದ ಹೊಸ ಮನೆಗಳಲ್ಲಿ ಆಗಸ್ಟ್ ಹೊತ್ತಿಗೆ ಒಳಗೋಡೆಯ ಬಣ್ಣ ಹಪ್ಪಳ ಎದ್ದಿರುತ್ತದೆ. ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಅಂಗೈ ಒತ್ತಿ ನೋಡಿ. ಅಲ್ಲಿಟ್ಟ ಕಪಾಟಿನ ಹಿಂಬದಿ ನೋಡಿ. ಬಟ್ಟೆ ಒಣಗಿಸಲು ಮುಚ್ಚಿದ ಜಾಗ ಎಲ್ಲಿದೆ ಎಂದೂ ಕೇಳಿ. ಮಳೆಗಾಲದ ಮೂರು ತಿಂಗಳು ಮನೆಯವರ ನೆಮ್ಮದಿ ಅದರ ಮೇಲೆ ನಿಂತಿರುತ್ತದೆ.

ಹಿಂಡಲಗಾ ಮತ್ತು ಆಚೆಗಿನ ಭಾಗ ಗ್ರಾಮ ಪಂಚಾಯಿತಿಯದು. ಅಲ್ಲಿ ಪಾಲಿಕೆಯ ಖಾತೆಯ ಬದಲು ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. 11ಬಿ ಕೈಗೆ ಕೊಟ್ಟರೆ ಅದು ಅನಧಿಕೃತ ಎಂದೇ ಅರ್ಥ. ಎರಡರ ಅಂತರ ಒಂದು ಅಕ್ಷರದ್ದು, ಬ್ಯಾಂಕಿನಲ್ಲಿ ಅದು ಸಾಲ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅಂತರ. ಸೇನೆಯ ಜಮೀನಿಗೆ ತಾಗಿದ ಪ್ಲಾಟಾದರೆ ಕಟ್ಟಡ ಪರವಾನಗಿಗೆ ನಿರಾಕ್ಷೇಪಣಾ ಪತ್ರ ಬೇಕಾಗಬಹುದು, ಮೊದಲೇ ವಿಚಾರಿಸಿ. ಮಾರ್ಕಂಡೇಯ ನದಿಯ ಕಡೆಗೆ ಇಳಿಯುವ ಹೊಲಗಳಲ್ಲಿ ಮಾತ್ರ ‘ಪಶ್ಚಿಮ ಎಂದರೆ ಎತ್ತರ’ ಎಂಬ ಮಾತು ನಡೆಯುವುದಿಲ್ಲ.

ಕ್ಯಾಂಪ್, ಹಳೆಯ ಪೇಟೆ, ಹಲಗಾ, ಸಾಂಬ್ರಾ

ಕ್ಯಾಂಪಿನ ಬಂಗಲೆಗಳನ್ನು ನೋಡಿ ಆಸೆಪಡುವವರು ಬಹಳ. 1832ರಿಂದ ದಂಡು ಪ್ರದೇಶವಾಗಿರುವ ಅಲ್ಲಿ ನೆಲದ ಒಡೆತನ ಬಹುಪಾಲು ರಕ್ಷಣಾ ಇಲಾಖೆಯದು. ಬಂಗಲೆಯಲ್ಲಿ ಇರುವವರಿಗೆ ಕಟ್ಟಡದ ಹಕ್ಕು ಇದ್ದರೂ ನೆಲದ ಹಕ್ಕು ಇರುವುದಿಲ್ಲ. ಒಂದು ಗೋಡೆ ಎಬ್ಬಿಸಲೂ ದಂಡು ಮಂಡಳಿಯ ಒಪ್ಪಿಗೆ ಬೇಕು. ಮೊದಲ ಮನೆ ಕೊಳ್ಳುವವರಿಗೆ ಇದು ಬೇಡ.

ಗಣಪತಿ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿಯ ಸುತ್ತಲಿನ ಪೇಟೆಯಲ್ಲಿ ಮನೆ ಎಂದರೆ ಕೆಳಗೆ ಅಂಗಡಿ, ಮೇಲೆ ವಾಸ. ವ್ಯಾಪಾರಸ್ಥರಿಗೆ ಸರಿ. ಇಲ್ಲಿ ಸಿಟಿ ಸರ್ವೆ ಉತಾರ (ನಗರ ಮಾಪನ ಕಚೇರಿಯ ಆಸ್ತಿ ದಾಖಲೆ) ಇರುತ್ತದೆ, ಅದು ಒಳ್ಳೆಯ ಸಂಗತಿ. ಆದರೆ ಅದರಲ್ಲಿ ಅಜ್ಜನ ಹೆಸರೇ ಇನ್ನೂ ಉಳಿದಿರುವುದು ಹೆಚ್ಚು. ಮಾರುವ ಅಣ್ಣ-ತಮ್ಮಂದಿರು ‘ಅಕ್ಕ-ತಂಗಿಯರದು ಏನೂ ತಕರಾರಿಲ್ಲ’ ಎನ್ನುತ್ತಾರೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ಕೊಲ್ಹಾಪುರದಲ್ಲೋ ಪುಣೆಯಲ್ಲೋ ಇರುವ ಆ ಅಕ್ಕನೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ. ಅದು ನಿಮ್ಮ ಸುರಕ್ಷತೆ ಮಾತ್ರವಲ್ಲ, ಅವರಿಗೆ ಸಲ್ಲಬೇಕಾದದ್ದು.

2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಹಲಗಾ, ಬಸ್ತವಾಡದ ಹೆದ್ದಾರಿಯುದ್ದಕ್ಕೂ ಪ್ಲಾಟಿನ ಫಲಕಗಳು ಎದ್ದವು. ಅಧಿವೇಶನ ನಡೆಯುವುದು ಚಳಿಗಾಲದ ಕೆಲವು ದಿನ. ಉಳಿದ ದಿನಗಳಲ್ಲಿ ಶಾಲೆಯ ಬಸ್ಸು, ಔಷಧ ಅಂಗಡಿ, ರಾತ್ರಿ ಆಟೊ ನಿಮಗೆ ಸಿಗುತ್ತವೆಯೇ ಎಂಬುದೇ ಪ್ರಶ್ನೆ. ಹತ್ತು ವರ್ಷ ಕಾಯುವ ಹಣವಿದ್ದರೆ ಪ್ಲಾಟು ಕೊಳ್ಳಿ, ಈಗಲೇ ವಾಸಕ್ಕೆ ಬೇಡ. ಹಲಗಾ-ಮಚ್ಛೆ ಬೈಪಾಸ್ ರಸ್ತೆಯ ಭೂಸ್ವಾಧೀನದ ಜಗಳ ಈ ಕಡೆಯ ಫಲವತ್ತಾದ ಹೊಲಗಳಲ್ಲೇ ನಡೆದದ್ದು. ಆ ಸರ್ವೆ ನಂಬರ್‌ಗಳ ಪಟ್ಟಿ ನೋಡದೆ ಇಲ್ಲಿ ಯಾವ ಕರಾರೂ ಮಾಡಬೇಡಿ. ಸಾಂಬ್ರಾ ಕಡೆಗೆ ವಿಮಾನ ನಿಲ್ದಾಣ ಮತ್ತು ವಾಯುಪಡೆಯ ನೆಲೆ ಇರುವುದರಿಂದ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ನೆಲಮಹಡಿ ಕಟ್ಟಿ, ಮುಂದೆ ಮಕ್ಕಳು ಮೇಲೆ ಏರಿಸಿಕೊಳ್ಳಲಿ ಎನ್ನುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಕುಡಿಯುವ ನೀರು

ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭಾ ನದಿಯ ಹಿಡಕಲ್ ಜಲಾಶಯದಿಂದ. ನಗರದ 10 ವಾರ್ಡುಗಳಲ್ಲಿ 2008ರ ಸುಮಾರಿಗೆ 24 ತಾಸು ನೀರು ಕೊಡುವ ಪ್ರಯೋಗ ಯಶಸ್ವಿಯಾಯಿತು, ಈಗ ಅದನ್ನು ಇಡೀ ಊರಿಗೆ ಹರಡುವ ಕೆಲಸ ನಡೆದಿದೆ. ಅಷ್ಟರಲ್ಲಿ ಒಂದೇ ಬಡಾವಣೆಯ ಎರಡು ಓಣಿಗಳಿಗೆ ಎರಡು ಬಗೆಯ ನೀರಿನ ಸರದಿ ಇರುತ್ತದೆ. ಆದ್ದರಿಂದ ‘ಈ ಬಡಾವಣೆಗೆ ನೀರು ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆ ಕೊಡದೆ ಆ ಮನೆಯ ನೀರಿನ ಬಿಲ್ಲು ನೋಡಿ, ನೆಲದ ಕೆಳಗಿನ ತೊಟ್ಟಿ ಎಷ್ಟು ದೊಡ್ಡದಿದೆ ನೋಡಿ. ದೊಡ್ಡ ತೊಟ್ಟಿ ಕಟ್ಟಿಸಿದವರಿಗೆ ಅದರ ಅಗತ್ಯ ಬಿದ್ದಿತ್ತು.

ಒಂದೇ ಹಣಕ್ಕೆ ಎರಡು ಮನೆ ಸಿಕ್ಕರೆ

ಭಾಗ್ಯನಗರದ ಹಳೆಯ ಬಿಡಿ ಮನೆಯೋ, ರಾಮತೀರ್ಥನಗರದ ಹೊಸ ಮನೆಯೋ ಎಂದು ಅಳೆದು ಸುರಿಯುವವರು ಹಲವರು. ನಿಮ್ಮ ದಿನದ ದಾರಿ ಖಾನಾಪುರ ರಸ್ತೆಯ ಕಡೆಗಾದರೆ ಭಾಗ್ಯನಗರ. ಹೆದ್ದಾರಿ, ಆಸ್ಪತ್ರೆ, ಜಿಲ್ಲಾಧಿಕಾರಿ ಕಚೇರಿಯ ಕಡೆಗಾದರೆ ರಾಮತೀರ್ಥನಗರ. ಟಿಳಕವಾಡಿಯ ಫ್ಲ್ಯಾಟೋ, ಹಿಂಡಲಗಾದ ಬಿಡಿ ಮನೆಯೋ ಎಂದರೆ ಮನೆಯಲ್ಲಿ ಹಗಲು ಒಂಟಿಯಾಗಿ ಉಳಿಯುವವರು ಯಾರು ಎಂದು ಕೇಳುತ್ತೇನೆ. ವಾಹನ ಓಡಿಸದ ಅತ್ತೆಯೋ ತಾಯಿಯೋ ಆಗಿದ್ದರೆ ಫ್ಲ್ಯಾಟೇ ಇರಲಿ. ವಡಗಾವಿಯ ಹಳೆಯ ಓಣಿಯ ಸಿಟಿ ಸರ್ವೆ ಮನೆಗೂ ಊರಂಚಿನ ಬಾಂಡ್ ಪ್ಲಾಟಿಗೂ ನಾನು ಹೋಲಿಕೆಯನ್ನೇ ಮಾಡುವುದಿಲ್ಲ, ಮೊದಲನೆಯದು ಮನೆ. ಕನ್ನಡ, ಮರಾಠಿ ಎಂದು ಓಣಿ ಆರಿಸುವವರೂ ಇದ್ದಾರೆ. ಈ ಊರಿನ ಓಣಿಗಳಲ್ಲಿ ಎರಡೂ ಭಾಷೆ ಮಾತಾಡುವವರು ಅಕ್ಕಪಕ್ಕ ಬದುಕಿದ್ದಾರೆ. ಮಗುವಿಗೆ ಕನ್ನಡ ಶಾಲೆ ಎಷ್ಟು ದೂರ ಎಂದು ನೋಡಿಕೊಳ್ಳಿ, ಸಾಕು.

ಕೊನೆಯದಾಗಿ ಹಣದ ಲೆಕ್ಕ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸರ್ವೆ ನಂಬರಿನ ಮಾರ್ಗಸೂಚಿ ದರ ನೋಡಿ, ಋಣಭಾರ ಪ್ರಮಾಣಪತ್ರ ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಉಪಕರ, ಅಧಿಭಾರ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ₹50 ಲಕ್ಷದ ಮನೆಗೆ ಇವೆಲ್ಲ ಸೇರಿ ₹3.8 ಲಕ್ಷ. ಬ್ಯಾಂಕು ಆ ಬೆಲೆಯ ಮನೆಗೆ ಹೆಚ್ಚೆಂದರೆ ಶೇ 80ರಷ್ಟು ಸಾಲ ಕೊಡುತ್ತದೆ, ಈ ಶುಲ್ಕವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಂದರೆ ₹13.8 ಲಕ್ಷ ನಿಮ್ಮ ಕೈಯಿಂದಲೇ ಬರಬೇಕು. ಮುಂಗಡದ ಕರಾರಿನಲ್ಲಿ ‘ಬ್ಯಾಂಕಿನ ವಕೀಲರು ಕಾಗದ ಒಪ್ಪದಿದ್ದರೆ ಮುಂಗಡ ಪೂರ್ತಿ ವಾಪಸ್’ ಎಂಬ ಸಾಲನ್ನು ಬರೆಸಿ, ಮುಂಗಡವನ್ನು ಚೆಕ್ಕಿನಲ್ಲೇ ಕೊಡಿ. ಆ ಸಾಲಿಗೆ ಒಪ್ಪದವರ ಮನೆ ಯಾವ ಬಡಾವಣೆಯಲ್ಲಿದ್ದರೂ ಬಿಟ್ಟುಬಿಡಿ.